ಸಂವಿಧಾನದ ತಿದ್ದುಪಡಿ ನಿಮ್ಮ ಹಕ್ಕನ್ನು ಮುಟ್ಟಿದೆಯೇ? ಅಡಿಟಿಪ್ಪಣಿ ಓದುವ ಬಗೆ

ರಸ್ತೆ ಅಗಲೀಕರಣಕ್ಕೆಂದು ಕಾಫಿ ತೋಟದ ಅಂಚಿಗೆ ನೋಟಿಸ್ ಬಂದಾಗ ಮಡಿಕೇರಿ, ವಿರಾಜಪೇಟೆ ಕಡೆ ಮೊದಲು ಕೇಳಿಬರುವ ಮಾತು "ಆಸ್ತಿ ನಮ್ಮ ಮೂಲಭೂತ ಹಕ್ಕು" ಎಂಬುದು. 1979ರ ಜೂನ್ 20ರಿಂದ ಆ ಮಾತಿಗೆ ಆಧಾರವಿಲ್ಲ. ಆದರೂ ತಕರಾರು ಅರ್ಜಿಗಳಲ್ಲಿ ಅದು ಇಂದಿಗೂ ಹಾಗೆಯೇ ನುಸುಳುತ್ತದೆ. ಅರ್ಜಿ ಬರೆಯುವ ಮುನ್ನ ಸಂವಿಧಾನದ ಇತ್ತೀಚಿನ ಮುದ್ರಣವೊಂದನ್ನು ಎದುರಿಗಿಟ್ಟುಕೊಳ್ಳಿ. ಅಟ್ಟದ ಮೇಲಿನ ಹಳೆಯ ಪ್ರತಿ ಈ ಕೆಲಸಕ್ಕೆ ಬಾರದು.

ಮೊದಲು 19ನೇ ವಿಧಿಯ (1)ನೇ ಖಂಡವನ್ನು ತೆರೆಯಿರಿ. (ಎಫ್) ಇರಬೇಕಾದ ಜಾಗದಲ್ಲಿ ಸಾಲಾಗಿ ನಕ್ಷತ್ರ ಚಿಹ್ನೆಗಳಷ್ಟೇ ಇವೆ, ಅದರ ಕೆಳಗೆ ನೇರವಾಗಿ (ಜಿ) ಬರುತ್ತದೆ. ಆಸ್ತಿಯ ಹಕ್ಕು ಅಲ್ಲಿತ್ತು. 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತೆಂದು ಅಡಿಟಿಪ್ಪಣಿ ಹೇಳುತ್ತದೆ. ಅದೇ ಪುಟದಲ್ಲಿ ಸ್ವಲ್ಪ ಮೇಲೆ, (ಸಿ)ಯಲ್ಲಿ, "ಸಹಕಾರ ಸಂಘಗಳು" ಎಂಬ ಪದ 97ನೇ ತಿದ್ದುಪಡಿಯಿಂದ ಸೇರಿಕೊಂಡಿದೆ. ಒಂದೇ ಪುಟದಲ್ಲಿ ಒಂದು ಹಕ್ಕು ಹೋಗಿದೆ, ಇನ್ನೊಂದು ಬಂದಿದೆ. ತೆಗೆದದ್ದು ಬೇರೆಲ್ಲಾದರೂ ಉಳಿದಿದೆಯೇ ಎಂದೂ ಹುಡುಕಬೇಕು: ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ 300ಎ ವಿಧಿಯನ್ನು ಅದೇ 44ನೇ ತಿದ್ದುಪಡಿ ಸೇರಿಸಿತು. ಈ ಒಂದು ವಿಧಿಯೊಳಗೆ ನೋಟಿಸ್, ಅಹವಾಲು, ಸಕಾರಣ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ ಮುಂತಾಗಿ ಏಳು ಉಪಹಕ್ಕುಗಳಿವೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿರುವುದರಿಂದ, ನಿಮ್ಮ ಅರ್ಜಿಗೆ ನಿಜವಾದ ಬಲ ಇಲ್ಲಿಂದಲೇ ಬರುತ್ತದೆ.

ಅಡಿಟಿಪ್ಪಣಿಯಲ್ಲಿ ಜಾರಿಯ ದಿನಾಂಕವನ್ನು ತಪ್ಪದೆ ನೋಡಿ. ಮುಂಜಾಗ್ರತಾ ಬಂಧನಕ್ಕೆ ಸಂಬಂಧಿಸಿದ 22ನೇ ವಿಧಿಯನ್ನು ಬಿಗಿಗೊಳಿಸಿ, ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಬಂಧನದಲ್ಲಿಡಬಹುದಾದ ಮೂರು ತಿಂಗಳ ಅವಧಿಯನ್ನು ಎರಡಕ್ಕಿಳಿಸಿದ ಭಾಗವೂ 44ನೇ ತಿದ್ದುಪಡಿಯಲ್ಲೇ ಇತ್ತು. ಸಂಸತ್ತು ಅಂಗೀಕರಿಸಿ ದಶಕಗಳು ಕಳೆದರೂ ಅದು ಜಾರಿಗೇ ಬಂದಿಲ್ಲ. ನನ್ನ ಮಟ್ಟಿಗೆ ಈ ಪುಸ್ತಕದ ಅತ್ಯಂತ ನಾಚಿಕೆಗೇಡಿನ ಅಡಿಟಿಪ್ಪಣಿ ಅದೇ.

ಹೊಸ ತಿದ್ದುಪಡಿ ಮಸೂದೆಯಾಗಿದ್ದರೆ 368ನೇ ವಿಧಿಯ ಹಾದಿಯನ್ನು ಪರಿಶೀಲಿಸಿ. ಪ್ರತಿ ಸದನದ ಒಟ್ಟು ಸದಸ್ಯಬಲದ ಬಹುಮತದ ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗದ ಬೆಂಬಲ ಬೇಕು. ಒಕ್ಕೂಟ ವ್ಯವಸ್ಥೆಯನ್ನು ಮುಟ್ಟಿದರೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. 97ನೇ ತಿದ್ದುಪಡಿ ಎಡವಿದ್ದು ಇಲ್ಲಿಯೇ. ರಾಜ್ಯಗಳ ಒಪ್ಪಿಗೆ ಪಡೆಯದ ಕಾರಣ, ರಾಜ್ಯದೊಳಗಿನ ಸಹಕಾರ ಸಂಘಗಳ ಮಟ್ಟಿಗೆ ಅದು ಸೇರಿಸಿದ್ದ, ಸಹಕಾರ ಸಂಘಗಳ ಕುರಿತ 9ಬಿ ಭಾಗ 2021ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಹಾದಿ ಸರಿಯಿದ್ದರೂ ಸಂವಿಧಾನದ ಮೂಲ ಸ್ವರೂಪಕ್ಕೆ ಧಕ್ಕೆ ತರುವ ತಿದ್ದುಪಡಿ ನಿಲ್ಲದು ಎಂಬುದು 1973ರ ಏಪ್ರಿಲ್ 24ರ ಕೇಶವಾನಂದ ಭಾರತಿ ತೀರ್ಪು. ಅರ್ಜಿದಾರರು ನಮ್ಮ ಗಡಿಯಾಚೆಯ ಕಾಸರಗೋಡಿನ ಎಡನೀರು ಮಠದವರು.

ಎಲ್ಲ ಹಕ್ಕೂ ಸಂವಿಧಾನದ್ದಲ್ಲ ಎಂಬುದಕ್ಕೆ ಇಲ್ಲಿ ಕೋವಿಯ ಮಾತನ್ನೂ ಹೇಳಿಬಿಡಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ ಸಂವಿಧಾನದ್ದಲ್ಲ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಹೊರಡಿಸಿದ ಅಧಿಸೂಚನೆಯದು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದ್ದರೂ, ಅದನ್ನು ಬದಲಿಸಲು ಸಂವಿಧಾನದ ತಿದ್ದುಪಡಿಯೇನೂ ಬೇಕಿಲ್ಲ.

ಹಕ್ಕಿನ ನೆಲೆ ಗೊತ್ತಾದ ಮೇಲೆ ನ್ಯಾಯಾಲಯ ಯಾವುದೆಂದು ನಿರ್ಧರಿಸಿ. ಮೂಲಭೂತ ಹಕ್ಕಿಗೆ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. 300ಎ ಮೂಲಭೂತ ಹಕ್ಕಲ್ಲದ್ದರಿಂದ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟೇ ಸರಿ. ಅದಕ್ಕೂ ಮೊದಲು ನೋಟಿಸ್ ಯಾವ ಕಾಯ್ದೆಯದೆಂದು ನೋಡಿ: 2013ರ ಭೂಸ್ವಾಧೀನ ಕಾಯ್ದೆಯದಾದರೆ ಆಕ್ಷೇಪಣೆಗೆ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ, ರಾಷ್ಟ್ರೀಯ ಹೆದ್ದಾರಿ ಕಾಯ್ದೆಯದಾದರೆ 21 ದಿನ ಮಾತ್ರ. ವಕೀಲರ ಶುಲ್ಕ ಕೊಡಲಾಗದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಪ್ರವಾಹ ಸಂತ್ರಸ್ತರು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಆ ಅವಧಿಯೊಳಗೇ ಅರ್ಜಿ ಕೊಡಲಿ.