ಚಳಿಗಾಲಕ್ಕೆ ಬೋಟ್ ಎತ್ತಿಟ್ಟಾಗ ಟ್ರೇಲರ್ ಟೈರ್‌ಗಳನ್ನು ನಾನು ಕಾಪಾಡೋ ರೀತಿ

ಬೋಟ್ ಟ್ರೇಲರಿನ ಟೈರ್ ಚೆನ್ನಾಗಿದೆಯಾ ಇಲ್ವಾ ಅನ್ನೋದನ್ನು ಅದರ ಬಟನ್, ಅಂದರೆ ರಸ್ತೆಗೆ ತಾಗುವ ಗೀರುಗೀರಿನ ಮೈ, ನೋಡಿ ಹೇಳೋಕೆ ಆಗಲ್ಲ. ಬಟನ್ ಹೊಸದರ ಹಾಗೇ ಇರುತ್ತದೆ, ಯಾಕೆಂದರೆ ಈ ಟೈರ್ ಓಡೋದೇ ಕಡಿಮೆ. ಮನೆಯಿಂದ ನೀರಿಗೆ, ನೀರಿಂದ ಮನೆಗೆ, ಅಷ್ಟೇ ಅಲ್ವಾ? ಕಾರಿನ ಟೈರ್ ಸವೆದು ಹೋಗುತ್ತದೆ, ಟ್ರೇಲರಿನದ್ದು ನಿಂತು ನಿಂತೇ ಹೋಗುತ್ತದೆ. ಅದಕ್ಕೇ ಬೋಟನ್ನು ಚಳಿಗಾಲಕ್ಕೆ ಎತ್ತಿಡುವಾಗ ಎಂಜಿನ್ನಿಗೆ ಎಷ್ಟು ಹೊತ್ತು ಕೊಡುತ್ತೇನೋ ಟೈರಿಗೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತೇನೆ. ಅದರಲ್ಲೂ ನಾನು ತಲೆ ಕೆಡಿಸಿಕೊಳ್ಳುವುದು ಭಾರ ಮತ್ತು ಬಿಸಿಲು, ಈ ಎರಡಕ್ಕೆ. ಮಿಕ್ಕಿದ್ದೆಲ್ಲ ಆಮೇಲೆ.

ರಬ್ಬರನ್ನು ತಿನ್ನುವುದು ಬಿಸಿಲಿನ ಯುವಿ ಕಿರಣ ಮತ್ತು ಗಾಳಿಯಲ್ಲಿರುವ ಓಜೋನ್. ಟೈರ್ ತಯಾರಿಸುವವರಿಗೆ ಇದು ಗೊತ್ತು. ಅದಕ್ಕೇ ರಬ್ಬರಿನೊಳಗೆ ಒಂದು ಥರದ ಮೇಣವನ್ನೂ ಓಜೋನ್ ತಡೆಯುವ ರಾಸಾಯನಿಕವನ್ನೂ ಬೆರೆಸಿರುತ್ತಾರೆ. ಟೈರ್ ಉರುಳುವಾಗ ರಬ್ಬರ್ ಬಾಗಿ ಬಾಗಿ ಆ ಮೇಣ ನಿಧಾನವಾಗಿ ಮೈಮೇಲೆ ಬಂದು ತೆಳ್ಳಗೆ ಪೊರೆ ಕಟ್ಟುತ್ತದೆ. ತಿಂಗಳುಗಟ್ಟಲೆ ನಿಂತ ಟೈರಿಗೆ ಈ ಬಾಗುವಿಕೆ ಇಲ್ಲ, ಹಾಗಾಗಿ ಪೊರೆಯೂ ಸರಿಯಾಗಿ ಕಟ್ಟುವುದಿಲ್ಲ. ಇನ್ನೊಂದು ವಿಷಯ ಏನೆಂದರೆ, ಓಜೋನ್ ಸುಮ್ನೆ ಬಿದ್ದಿರುವ ರಬ್ಬರಿಗಿಂತ ಎಳೆತದಲ್ಲಿರುವ ರಬ್ಬರನ್ನು ಬೇಗ ಸೀಳುತ್ತದೆ. ಬೋಟಿನ ಭಾರ ಹೊತ್ತು ನಿಂತ ಟೈರಿನ ಪಕ್ಕೆ ನೆಲದ ಹತ್ತಿರ ಉಬ್ಬಿಕೊಂಡಿರುತ್ತದಲ್ಲ, ಅಲ್ಲಿ ಇಡೀ ಚಳಿಗಾಲ ರಬ್ಬರ್ ಎಳೆತದಲ್ಲೇ ಇರುತ್ತದೆ. ಗಾಳಿ ಕಡಿಮೆಯಾದಷ್ಟೂ ಉಬ್ಬು ಜಾಸ್ತಿ, ಉಬ್ಬು ಜಾಸ್ತಿಯಾದಷ್ಟೂ ಬಿರುಕು ಜಾಸ್ತಿ. ಭಾರ ಇಳಿಸೋದು, ಗಾಳಿ ತುಂಬಿಸೋದು, ಮುಚ್ಚಿಡೋದು ಬೇರೆ ಬೇರೆ ಕೆಲಸದ ಹಾಗೆ ಕಂಡರೂ ಮೂರೂ ಹೋಗಿ ಮುಟ್ಟುವುದು ಇದೇ ಜಾಗಕ್ಕೆ.

ಮೊದಲು ತೊಳೆಯೋದು. ಬಕೆಟ್ ನೀರಿಗೆ ಸ್ವಲ್ಪ ಸೋಪು, ಮೆತ್ತನೆ ಬ್ರಷ್, ಆಮೇಲೆ ಬರೀ ನೀರು. ಉಪ್ಪುನೀರಲ್ಲಿ ಬೋಟ್ ಇಳಿಸಿದ್ದರೆ ರಿಮ್ಮಿನ ಒಳಮಗ್ಗುಲಿಗೂ ಪೈಪ್ ಹಿಡಿಯಬೇಕು, ಉಪ್ಪು ಕೂರೋದೇ ಅಲ್ಲಿ. ತೊಳೆದ ಮೇಲೆ ಟೈರಿಗೆ ನಾನು ಏನೂ ಹಚ್ಚುವುದಿಲ್ಲ. ಮಿರಿಮಿರಿ ಮಿಂಚಿಸುವ ಪಾಲಿಷ್ ಬೇಕಾದಷ್ಟು ಸಿಗುತ್ತವೆ, ಹಚ್ಚಿದರೆ ಚೆಂದ ಕಾಣುತ್ತದೆ, ಆದರೆ ಪೆಟ್ರೋಲಿಯಂ ದ್ರಾವಕ ಅಥವಾ ಆಲ್ಕೋಹಾಲ್ ಇರುವಂಥವು ಟೈರಿನ ಸ್ವಂತ ಮೇಣವನ್ನೇ ಕಿತ್ತು ತೆಗೆಯುತ್ತವೆ. ಕತ್ತಲಲ್ಲಿ ಮುಚ್ಚಿಡೋ ಟೈರಿಗೆ ಅಲಂಕಾರ ಯಾಕೆ?

ಟೈರ್ ಒಣಗಿದ ಮೇಲೆ ಗಾಳಿ. ತಣ್ಣಗಿರುವಾಗ, ಅಂದರೆ ಓಡಿಸಿ ತಂದ ತಕ್ಷಣ ಅಲ್ಲ, ಟೈರಿನ ಪಕ್ಕೆಯಲ್ಲಿ ಗರಿಷ್ಠ ಅಂತ ಬರೆದಿರುವ ಒತ್ತಡದವರೆಗೂ ತುಂಬಿಸುತ್ತೇನೆ. ಅದಕ್ಕಿಂತ ಮೇಲೆ ಹೋಗುವುದಿಲ್ಲ. ಚಳಿ ಬಿದ್ದ ಹಾಗೆ ಒತ್ತಡ ತಾನಾಗೇ ಇಳಿಯುತ್ತದೆ, ತಾಪಮಾನ 5-6 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಅಂತ ಲೆಕ್ಕ. 25 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿಸಿದ ಟೈರ್ ಮೈನಸ್ 5ಕ್ಕೆ ಬರುವಷ್ಟರಲ್ಲಿ 43-44ರ ಹತ್ತಿರ ನಿಂತಿರುತ್ತದೆ, ಎಲ್ಲೂ ಲೀಕ್ ಇಲ್ಲದಿದ್ದರೂ. ಇದರ ಮೇಲೆ ರಬ್ಬರ್ ಮೂಲಕವೇ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಗಾಳಿ ಜಾರುತ್ತದೆ. ತುಂಬಿಸಿದ ಮೇಲೆ ವಾಲ್ವಿನ ಬಾಯಿಗೆ ಸೋಪುನೀರು ಬಿಟ್ಟು ಗುಳ್ಳೆ ಬರುತ್ತಾ ನೋಡುತ್ತೇನೆ, ಹಾಗೇ ವಾಲ್ವಿನ ರಬ್ಬರ್ ಕಾಂಡವನ್ನು ಒಂದು ಕಡೆ ಬಗ್ಗಿಸಿ ಬುಡ ನೋಡುತ್ತೇನೆ. ಟೈರ್ ಗಟ್ಟಿಯಾಗಿದ್ದು ವಾಲ್ವ್ ಬುಡ ಬಿರುಕು ಬಿಟ್ಟಿರೋದು ತುಂಬಾ ಸಾಮಾನ್ಯ. ಕ್ಯಾಪ್ ಹಾಕೋದು ಮರೀಬೇಡಿ, ಒಳಗೆ ನೀರು ಹೋಗಿ ಹೆಪ್ಪುಗಟ್ಟಿದರೆ ವಾಲ್ವ್ ಗಾಳಿ ಹಿಡಿಯಲ್ಲ.

ಇನ್ನು ಭಾರ ಇಳಿಸೋ ಕೆಲಸ. ಹೆಚ್ಚು ಸಮಯ ಹಿಡಿಯೋದೂ ಇದೇ, ಅಪಾಯ ಇರೋದೂ ಇದರಲ್ಲೇ. ಟ್ರೇಲರ್ ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಸಾಧ್ಯವಾದರೆ ಎತ್ತುವವರೆಗೂ ವಾಹನಕ್ಕೆ ಸಿಕ್ಕಿಸಿಯೇ ಇಟ್ಟಿರುತ್ತೇನೆ, ಆಗ ಮುಂದಕ್ಕೂ ಹಿಂದಕ್ಕೂ ಜಾರುವುದಿಲ್ಲ. ಆಮೇಲೆ ಒಂದು ಕಡೆ ಎತ್ತುವಾಗ ಇನ್ನೊಂದು ಕಡೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡುತ್ತೇನೆ. ಜಾಕ್ ಎಲ್ಲಿ ಕೊಡಬೇಕು ಅನ್ನೋದು ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಅಡ್ಡ ಕೊಳವೆ, ಯಾವ ಥರದ್ದು ಅನ್ನೋದರ ಮೇಲೆ ಹೋಗುತ್ತದೆ. ಪಟ್ಟಿ ಸ್ಪ್ರಿಂಗ್ ಇರುವ ಟ್ರೇಲರಾದರೆ ಸ್ಪ್ರಿಂಗ್ ಕೂತಿರುವ ಜಾಗಕ್ಕೆ ಹತ್ತಿರ. ಆಕ್ಸಲ್ಲಿನ ನಟ್ಟನಡುವೆ ಕೊಡಬಾರದು, ಆ ಕೊಳವೆ ಅಲ್ಲಿ ಬಾಗುತ್ತದೆ, ಬಾಗಿದರೆ ಮುಂದೆ ಟೈರ್ ಒಂದೇ ಕಡೆ ಸವೆಯುತ್ತದೆ. ರಬ್ಬರ್ ಒಳಗಿರುವ ಟಾರ್ಷನ್ ಆಕ್ಸಲ್ ಆದರೆ ಆಕ್ಸಲ್ ಕೊಳವೆಯನ್ನು ಮುಟ್ಟದೆ ಫ್ರೇಮಿಗೇ ಜಾಕ್ ಕೊಡಬೇಕು. ಟ್ರೇಲರ್ ಜೊತೆ ಬಂದ ಪುಸ್ತಕದಲ್ಲಿ ಜಾಗ ತೋರಿಸಿದ್ದರೆ ಅದೇ ಅಂತಿಮ.

ಒಂದು ಕಡೆ ಪೂರ್ತಿ ಎತ್ತಿ ಆಮೇಲೆ ಇನ್ನೊಂದು ಕಡೆಗೆ ಹೋಗುವುದಿಲ್ಲ. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ, ಹೀಗೆ ಎತ್ತುತ್ತೇನೆ, ಇಲ್ಲದಿದ್ದರೆ ಮೇಲಿರುವ ಬೋಟ್ ವಾಲಿ ಭಾರವೆಲ್ಲ ಒಂದೇ ಕಡೆಗೆ ಬರುತ್ತದೆ. ಜಾಸ್ತಿ ಎತ್ತರವೂ ಬೇಡ. ಟೈರಿನ ಕೆಳಗೆ ಒಂದು ರಟ್ಟಿನ ಚೂರು ತಡೆಯಿಲ್ಲದೆ ಆಚೆಯಿಂದ ಈಚೆಗೆ ಹೋದರೆ ಸಾಕು. ಅಲ್ಲಿಗೆ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇಟ್ಟು ಜಾಕ್ ಇಳಿಸಿ, ಫ್ರೇಮನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡುತ್ತೇನೆ. ಈಗಲೇ ಅಲುಗಾಡಿದರೆ ಬಿಚ್ಚಿ ಮತ್ತೆ ಇಡೋದು, ಆಮೇಲೆ ನೋಡೋಣ ಅನ್ನೋ ಮಾತಿಲ್ಲ. ಸಿಮೆಂಟಿನ ಟೊಳ್ಳು ಬ್ಲಾಕ್ ಮೇಲೆ ಟ್ರೇಲರ್ ನಿಲ್ಲಿಸುವವರು ತುಂಬಾ ಜನ, ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಅದು ಸೀಳುವ ಮುಂಚೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬರೀ ಜಾಕ್ ಮೇಲೆ ನಿಂತ ಟ್ರೇಲರಿನ ಕೆಳಗೆ ಕೈ ಕೂಡ ಹಾಕಬಾರದು. ನೆಲ ಮಣ್ಣಿನದಾದರೆ ಸ್ಟ್ಯಾಂಡಿನ ಕೆಳಗೆ ಅಗಲವಾದ ದಪ್ಪ ಹಲಗೆ ಬೇಕೇ ಬೇಕು. ಚಳಿಯಲ್ಲಿ ಹೆಪ್ಪುಗಟ್ಟಿ ಕಲ್ಲಿನಂತಿದ್ದ ಮಣ್ಣು ಹಿಮ ಕರಗುವಾಗ ಕೆಸರಾಗುತ್ತದೆ, ಸ್ಟ್ಯಾಂಡಿನ ಕಾಲು ಒಳಗೆ ಇಳಿದುಬಿಡುತ್ತದೆ.

ಇದರ ಜೊತೆಗೇ ಮೂತಿ ಕಡೆ ಸ್ವಲ್ಪ ಎತ್ತರಿಸಿ, ಬೋಟಿನ ಹಿಂದಿನ ಡ್ರೈನ್ ಪ್ಲಗ್, ಅಂದರೆ ನೀರು ಹೊರಹೋಗುವ ತೂತಿನ ಬಿರಡೆ, ತೆಗೆದಿಡುತ್ತೇನೆ. ಟೈರಿಗೂ ಪ್ಲಗ್ಗಿಗೂ ಏನು ಸಂಬಂಧ ಅನ್ನಿಸಬಹುದು. 1 ಲೀಟರ್ ನೀರು ಅಂದರೆ 1 ಕೆಜಿ. ಹೊದಿಕೆ ಜಗ್ಗಿ ಅದರಲ್ಲಿ ಮಳೆನೀರು ನಿಂತು, ಸೋರಿ ಬೋಟಿನೊಳಗೆ ತುಂಬಿದರೆ ಯಾರಿಗೂ ಗೊತ್ತಾಗದ ಹಾಗೆ ನೂರಾರು ಕೆಜಿ ಕೂತುಬಿಡುತ್ತದೆ. ಆ ಭಾರ ಸ್ಟ್ಯಾಂಡಿಗೋ ಟೈರಿಗೋ ಬೀಳಲೇಬೇಕಲ್ಲ. ಹಿಮ ಬಿದ್ದಾಗ ಹೊದಿಕೆ ಮೇಲಿಂದ ಕೊಡವಿ ಹಾಕೋದೂ ಇದಕ್ಕೇ.

ಎತ್ತಲು ಆಗದ ಜಾಗ ಇರುತ್ತದೆ, ಒಬ್ಬರೇ ಇರುತ್ತೀರಿ, ಬೋಟ್ ತೀರಾ ದೊಡ್ಡದಿರುತ್ತದೆ. ಆಗ ಎತ್ತಲೇಬೇಕು ಅಂತ ಹಟ ಬೇಡ. ಟೈರಿನ ಕೆಳಗೆ ಪ್ಲೈವುಡ್ ಅಥವಾ ಹಲಗೆ ಇಟ್ಟು ಅದರ ಮೇಲೆ ಹತ್ತಿಸಿ. ಹಲಗೆ ಟೈರಿಗಿಂತ ಅಗಲವಿರಲಿ, ಟೈರಿನ ಅಂಚು ಹೊರಗೆ ನೇತಾಡುತ್ತಿದ್ದರೆ ಭಾರವೆಲ್ಲ ಹಲಗೆಯ ಅಂಚಿಗೇ ಒತ್ತುತ್ತದೆ. ಹಲಗೆ ಇದ್ದರೆ ನೆಲದ ತೇವ, ಬಿದ್ದ ಆಯಿಲ್, ಚೂಪು ಜಲ್ಲಿ ಯಾವುದೂ ರಬ್ಬರಿಗೆ ತಾಗುವುದಿಲ್ಲ. ಆಮೇಲೆ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ತಿಂಗಳಿಗೊಮ್ಮೆ ಕಾಲು ಸುತ್ತು ಉರುಳಿಸಿ, ಹಾಗೇ ಗಾಳಿ ನೋಡಿ. ಒಂದೇ ಕಡೆ ನಿಂತ ಟೈರಿನ ತಳ ಚಪ್ಪಟೆಯಾಗಿ, ಮುಂದೆ ಓಡಿಸುವಾಗ ದಡ್ ದಡ್ ಅನ್ನುತ್ತದೆ. ಸಣ್ಣದಾಗಿದ್ದರೆ ಸ್ವಲ್ಪ ದೂರ ಓಡಿ ಬಿಸಿಯಾದಾಗ ಸರಿಹೋಗುತ್ತದೆ. ಗಾಳಿ ಕಡಿಮೆ ಇದ್ದು ತಿಂಗಳುಗಟ್ಟಲೆ ನಿಂತಿದ್ದರೆ ಕೆಲವು ಸಲ ಹೋಗುವುದೇ ಇಲ್ಲ.

ಜಾಗ ಇದ್ದವರು ಚಕ್ರಗಳನ್ನೇ ಬಿಚ್ಚಿ ಒಳಗಿಡಬಹುದು. ನನ್ನ ಪ್ರಕಾರ ಟೈರಿಗೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ, ಕಳ್ಳರಿಗೂ ಟ್ರೇಲರ್ ಎಳಕೊಂಡು ಹೋಗೋಕೆ ಆಗಲ್ಲ. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿಕೊಂಡು ಆಮೇಲೆ ಎತ್ತಬೇಕು. ಕತ್ತಲೆ, ತಂಪು, ಒಣ ಜಾಗ ನೋಡಿ ರಿಮ್ ಸಮೇತ ಒಂದರ ಮೇಲೊಂದು ಮಲಗಿಸಿಡಿ. ವೆಲ್ಡಿಂಗ್ ಮೆಷಿನ್, ಜನರೇಟರ್, ಕಿಡಿ ಹಾರುವ ಮೋಟಾರ್ ಇರುವ ಕೋಣೆ ಬೇಡ, ಓಜೋನ್ ಹುಟ್ಟೋದೇ ಅಂಥ ಕಡೆ. ಬರಿದಾದ ಹಬ್ಬಿಗೂ (ಚಕ್ರ ಕೂರುವ ನಡುಭಾಗ) ಬೋಲ್ಟುಗಳಿಗೂ ಒಂದು ಚೀಲ ಕಟ್ಟಿ.

ಹೊರಗೇ ನಿಲ್ಲುವ ಟೈರಿಗೆ ಹೊದಿಕೆ ಬೇಕು. ಬಿಸಿಲು ಒಂದು ಚೂರೂ ದಾಟದ ದಪ್ಪ ಬಟ್ಟೆ, ತಿಳಿ ಬಣ್ಣದ್ದಾದರೆ ಇನ್ನೂ ಒಳ್ಳೆಯದು, ಒಳಗೆ ಕಾಯುವುದಿಲ್ಲ. ಹಣ ಹಾಕೋಕೆ ಮನಸ್ಸಿಲ್ಲದಿದ್ದರೆ ಬಿಸಿಲು ಬೀಳುವ ಕಡೆಗೆ ಪ್ಲೈವುಡ್ ಹಾಳೆ ಒರಗಿಸಿಡಿ, ಅದೂ ಅಷ್ಟೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಟಾರ್ಪಾಲನ್ನು ಚಕ್ರಕ್ಕೆ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟೋದು ಮಾತ್ರ ಬೇಡ. ತೇವ ಒಳಗೇ ಸಿಕ್ಕಿಕೊಂಡು ಬ್ರೇಕು, ನಟ್ಟು ಎಲ್ಲ ತುಕ್ಕು ಹಿಡಿಯುತ್ತದೆ. ಕೆಳಗೆ ಗಾಳಿಯಾಡಲು ಜಾಗ ಬಿಡಿ. ಮತ್ತೆ ಸ್ಟೆಪ್ನಿ! ಟ್ರೇಲರಿನ ಮೂತಿಗೆ ನೇತುಹಾಕಿದ ಸ್ಟೆಪ್ನಿ ವರ್ಷವಿಡೀ ಬಿಸಿಲಿಗೆ ಮುಖ ಕೊಟ್ಟುಕೊಂಡಿರುತ್ತದೆ, ಒಂದು ದಿನವೂ ಉರುಳಿರುವುದಿಲ್ಲ. ಎಲ್ಲದಕ್ಕಿಂತ ಮೊದಲು ಬಿರುಕು ಬಿಡುವುದು ಅದೇ. ಅದಕ್ಕೂ ಗಾಳಿ ತುಂಬಿಸಿ, ಮುಚ್ಚಿ.

ಬೇರಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಓಡಿ ಬಿಸಿಯಾದ ಹಬ್ಬನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಹಳೆಯದಾಗಿದ್ದರೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆ ನೀರು ಚಳಿಗಾಲವಿಡೀ ಅಲ್ಲೇ ಕೂತರೆ ತುಕ್ಕು. ಹಳೆ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ ಅರ್ಥ. ಹಾಗಾಗಿ ಗ್ರೀಸ್ ಬದಲಾಯಿಸೋದು ಎತ್ತಿಡುವ ಮೊದಲು, ಹೊರಗೆ ತೆಗೆದ ಮೇಲೆ ಅಲ್ಲ. ಪಾರ್ಕಿಂಗ್ ಬ್ರೇಕ್ ಎಳೆದು ಬಿಡಬೇಡಿ, ತಿಂಗಳುಗಟ್ಟಲೆ ಹಾಗೇ ಇದ್ದರೆ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಚಳಿ ಮುಗಿದು ಬೋಟ್ ತೆಗೆಯುವಾಗ ಮೊದಲು ಗಾಳಿ, ಆಮೇಲೆ ಕೆಳಗಿಳಿಸೋದು. ಗಾಳಿ ಇಳಿದ ಟೈರಿನ ಮೇಲೆ ಬೋಟಿನ ಭಾರ ಬಿಡಬಾರದು. ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಟಾರ್ಚನ್ನು ಪಕ್ಕದಿಂದ ಅಡ್ಡಡ್ಡ ಹಿಡಿದು ಪಕ್ಕೆ ನೋಡುತ್ತೇನೆ. ನೇರ ಬೆಳಕಲ್ಲಿ ಕಾಣದ ಕೂದಲೆಳೆ ಬಿರುಕು ಅಡ್ಡ ಬೆಳಕಲ್ಲಿ ಕಾಣುತ್ತದೆ. ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದಾಗ ಬಿರುಕು ಬಾಯಿ ಬಿಟ್ಟು ಆಳ ಕಂಡರೆ, ಎಲ್ಲಾದರೂ ಉಬ್ಬಿದ್ದರೆ, ಆ ಟೈರಿನ ಮೇಲೆ ರಸ್ತೆಗೆ ಇಳಿಯುವುದಿಲ್ಲ, ಬಟನ್ ಎಷ್ಟೇ ಇರಲಿ. ನಟ್‌ಗಳನ್ನು ಟಾರ್ಕ್ ವ್ರೆಂಚಿನಲ್ಲಿ ಬಿಗಿದು, ಮೊದಲ 80-100 ಕಿಮೀ ಆದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿಯುತ್ತೇನೆ. ಮೊದಲ ಓಟದಲ್ಲಿ ವೇಗ ಬೇಡ. ಟ್ರೇಲರಿಗೇ ಅಂತ ಮಾಡಿದ ಎಸ್‌ಟಿ ಟೈರುಗಳಲ್ಲಿ ಬೇರೆ ವೇಗ ಬರೆದಿರದವುಗಳ ಮಿತಿಯೇ ಗಂಟೆಗೆ 65 ಮೈಲಿ, ಅಂದರೆ ಸುಮಾರು 105 ಕಿಮೀ. ನಿಂತಾಗ ಎರಡೂ ಹಬ್ಬಿನ ಹತ್ತಿರ ಕೈ ಹಿಡಿದು ನೋಡಿ, ಒಂದು ಇನ್ನೊಂದಕ್ಕಿಂತ ಜಾಸ್ತಿ ಬಿಸಿ ಇದ್ದರೆ ಬೇರಿಂಗೋ ಬ್ರೇಕೋ ಎಲ್ಲೋ ಹಿಡಿಯುತ್ತಿದೆ.

ಇಷ್ಟೆಲ್ಲ ಮಾಡಿದರೂ ಟೈರಿಗೆ ವಯಸ್ಸಾಗುತ್ತದೆ. ಟೈರಿನ ಪಕ್ಕೆಯಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ಹುಟ್ಟಿದ ವಾರ ಮತ್ತು ವರ್ಷ. 3521 ಅಂದರೆ 2021ರ 35ನೇ ವಾರ. ಪೂರ್ತಿ ಸಾಲು ಎಷ್ಟೋ ಟೈರುಗಳಲ್ಲಿ ಒಂದೇ ಮಗ್ಗುಲಿಗೆ ಇರುತ್ತದೆ, ಅದೂ ನಮ್ಮ ಪುಣ್ಯಕ್ಕೆ ಒಳಮಗ್ಗುಲಿಗೇ ಬಂದಿರುತ್ತದೆ, ಫೋನ್ ಕೆಳಗೆ ತೂರಿಸಿ ಫೋಟೋ ತೆಗೆದರೆ ಬಗ್ಗುವ ಕಷ್ಟ ಇಲ್ಲ. 5-6 ವರ್ಷ ದಾಟಿದರೆ ನಾನು ಬದಲಾಯಿಸುತ್ತೇನೆ. ಹೊಸದು ಕೊಳ್ಳುವಾಗಲೂ ದುಡ್ಡು ಕೊಡುವ ಮುಂಚೆ ಆ ನಾಲ್ಕು ಅಂಕಿ ನೋಡಿಕೊಳ್ಳಿ, ಟ್ರೇಲರ್ ಟೈರ್ ಬೇಗ ಖರ್ಚಾಗುವ ಮಾಲಲ್ಲ, ಅಂಗಡಿಯ ಮೂಲೆಯಲ್ಲೇ ಎರಡು ಮೂರು ವರ್ಷ ಕಳೆದಿರಬಹುದು.