ಫೈರ್‌ವಾಲ್ ತಿದ್ದಲು ಆಗದಿದ್ದರೆ ಓನರ್ ರೋಲ್ ಕೊಡಬೇಡಿ

ಗೂಗಲ್ ಕ್ಲೌಡ್‌ನಲ್ಲಿ ಕಂಪ್ಯೂಟ್ ನೆಟ್‌ವರ್ಕ್ ಅಡ್ಮಿನ್ ರೋಲ್ (ರೋಲ್ ಅಂದರೆ ಅನುಮತಿಗಳ ಕಟ್ಟು) ಇದ್ದರೂ ಫೈರ್‌ವಾಲ್ ರೂಲ್ (ನೆಟ್‌ವರ್ಕ್‌ನಲ್ಲಿ ಯಾವ ಟ್ರಾಫಿಕ್ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮ) ಸೇವ್ ಮಾಡಲು ಹೋದರೆ ಅನುಮತಿ ಇಲ್ಲ ಅಂತ ಬರುತ್ತೆ, ಅಲ್ವಾ? ಅದು ದೋಷವಲ್ಲ. ಆ ರೋಲ್‌ಗೆ ರೂಲ್‌ಗಳನ್ನು ನೋಡುವ ಹಕ್ಕು ಮಾತ್ರ ಇದೆ. ತಿದ್ದಲು ಕಂಪ್ಯೂಟ್ ಸೆಕ್ಯುರಿಟಿ ಅಡ್ಮಿನ್ ಬೇಕು. ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೂ ಅಷ್ಟೇ. ಅವಸರದಲ್ಲಿ ಸುಮ್ನೆ ಇಡೀ ಪ್ರಾಜೆಕ್ಟ್‌ನ ಹಿಡಿತ ಕೊಡುವ ಓನರ್ ರೋಲ್ ಕೊಟ್ಟುಬಿಟ್ಟರೆ ಆಮೇಲೆ ವಾಪಸ್ ತೆಗೆಯಲು ಯಾರಿಗೂ ನೆನಪಿರುವುದಿಲ್ಲ. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಶೇರ್ಡ್ ವಿಪಿಸಿ (ಒಂದು ಪ್ರಾಜೆಕ್ಟ್‌ನ ನೆಟ್‌ವರ್ಕನ್ನು ಬೇರೆ ಪ್ರಾಜೆಕ್ಟ್‌ಗಳೂ ಹಂಚಿಕೊಳ್ಳುವ ವ್ಯವಸ್ಥೆ) ಬಳಸುತ್ತಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಡೆವಲಪರ್‌ಗಳಿಗೆ ಆ ನೆಟ್‌ವರ್ಕ್ ಬಳಸಲು ಬಿಡುವ ನೆಟ್‌ವರ್ಕ್ ಯೂಸರ್ ರೋಲನ್ನು ಇಡೀ ಹೋಸ್ಟ್ ಪ್ರಾಜೆಕ್ಟ್‌ಗೆ (ನೆಟ್‌ವರ್ಕ್ ಇರುವ ಪ್ರಾಜೆಕ್ಟ್‌ಗೆ) ಕೊಡಬೇಡಿ, ಅವರಿಗೆ ಬೇಕಾದ ಸಬ್‌ನೆಟ್‌ಗೆ, ಅಂದರೆ ನೆಟ್‌ವರ್ಕ್‌ನ ಆ ಭಾಗಕ್ಕೆ ಮಾತ್ರ ಕೊಡಿ. ಪ್ರಾಜೆಕ್ಟ್ ಮಟ್ಟದಲ್ಲಿ ಕೊಟ್ಟದ್ದು ಕೆಳಗಿನ ಎಲ್ಲ ಸಬ್‌ನೆಟ್‌ಗೂ ಹರಿಯುತ್ತದೆ.

ಹಾಗೆಯೇ, ರೋಲನ್ನು ಒಬ್ಬೊಬ್ಬರಿಗೆ ಕೊಡುವ ಬದಲು ಗ್ರೂಪ್‌ಗೆ ಕೊಡಿ. ಯಾರಾದರೂ ತಂಡ ಬಿಟ್ಟಾಗ ಗ್ರೂಪ್‌ನಿಂದ ತೆಗೆದರೆ ಸಾಕು.