ಐಆರ್35 ತನಿಖೆ: ಮೂರು ಹಳೆ ವರ್ಷ, ಒಂದು ಶುಕ್ರವಾರದ ಫೈಲು

"ಮುಗಿದು ಹೋದ ವರ್ಷಕ್ಕೆ ಈಗ ಸಾಕ್ಷಿ ಎಲ್ಲಿಂದ ತರ್ತೀರಿ? ಸೆಟಲ್ ಮಾಡಿ ಕೈ ತೊಳ್ಕೊಳ್ಳಿ" ಅಂತ ನನ್ನ ಅಕೌಂಟೆಂಟೇ ಹೇಳಿದ್ದರು. ಇಲ್ಲಿ ಬ್ರಿಟನ್ನಿನಲ್ಲಿರುವ ನಮ್ಮ ಕನ್ನಡದ ಕಾಂಟ್ರ್ಯಾಕ್ಟರ್ ಗೆಳೆಯರದೂ ಅದೇ ಮಾತು. ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ತನಿಖೆಗೆ ಎತ್ತಿಕೊಂಡದ್ದು 2016-17ರಿಂದ 2018-19ರವರೆಗಿನ ಮೂರು ತೆರಿಗೆ ವರ್ಷ. ಮೊದಲ ಪತ್ರ ಬಂದದ್ದು 2019ರ ಕೊನೆಗೆ. ಇಪ್ಪತ್ತು ತಿಂಗಳು ಎಳೆದು, ಕೊನೆಗೆ ಹೆಚ್ಚುವರಿ ತೆರಿಗೆ ಏನೂ ಇಲ್ಲ ಎಂಬ ಒಂದೂವರೆ ಪುಟದ ಪತ್ರದಲ್ಲಿ ಮುಗಿಯಿತು. ವಕೀಲಿಕೆಯ ಜಾಣ್ಮೆಯಿಂದ ಗೆದ್ದದ್ದಲ್ಲ. ಆಯಾ ವಾರವೇ ಬರೆದಿಟ್ಟ, ತಾರೀಖು ಇದ್ದ ಕಾಗದದಿಂದ.

ಹೊಸಬರಿಗೆ ಎರಡೇ ಮಾತು: ಸ್ವಂತ ಕಂಪನಿಯ ಮೂಲಕ ದುಡಿಯುವ ಕಾಂಟ್ರ್ಯಾಕ್ಟರ್ ನಿಜದಲ್ಲಿ ಕ್ಲೈಂಟ್‌ನ ಉದ್ಯೋಗಿಯಂತೆಯೇ ಇದ್ದರೆ ಉದ್ಯೋಗಿಯಂತೆಯೇ ತೆರಿಗೆ ಹಾಕುವ ನಿಯಮ ಐಆರ್35. ಆ ನಿಯಮಕ್ಕೆ ಸಿಕ್ಕರೆ "ಒಳಗೆ", ಸಿಗದಿದ್ದರೆ "ಹೊರಗೆ" ಅನ್ನುತ್ತೇವೆ.

ಮೊದಲು ದುಡ್ಡಿನ ಲೆಕ್ಕ, ಯಾಕೆಂದರೆ ಹೆದರಿಕೆಯೆಲ್ಲ ಇರುವುದು ಅಲ್ಲೇ. ದಿನಕ್ಕೆ 450 ಪೌಂಡ್, ವರ್ಷಕ್ಕೆ 220 ದಿನ, ಅಂದರೆ 99,000. ಒಳಗೆ ಎಂದು ತೀರ್ಮಾನವಾದರೆ ಶೇ. 5 ಕಳೆದು, ಆಗಲೇ ತೆಗೆದುಕೊಂಡ ಸಂಬಳ ಕಳೆದು, ಉಳಿದದ್ದನ್ನು ಸಂಬಳ ಎಂದೇ ಭಾವಿಸಿ ಆದಾಯ ತೆರಿಗೆ ಮತ್ತು ಉದ್ಯೋಗಿ, ಮಾಲೀಕ ಎರಡೂ ಕಡೆಯ ನ್ಯಾಷನಲ್ ಇನ್ಶೂರೆನ್ಸ್ (ಸಾಮಾಜಿಕ ಭದ್ರತೆಯ ವಂತಿಗೆ) ಹಾಕುತ್ತಾರೆ. ನನ್ನ ಅಂದಾಜಿನಲ್ಲಿ ವರ್ಷಕ್ಕೆ ಸುಮಾರು 37,000. ಕಂಪನಿ ಆಗಲೇ ಕಟ್ಟಿದ ಕಾರ್ಪೊರೇಷನ್ ತೆರಿಗೆ, ಡಿವಿಡೆಂಡ್ ತೆರಿಗೆ ಎಲ್ಲ ಹೊಂದಿಸಿದರೆ ನಿಜವಾಗಿ ಕೈಬಿಡುವುದು 19,000ದ ಹತ್ತಿರ. ಮೂರು ವರ್ಷಕ್ಕೆ 57,000, ಮೇಲೆ ಬಡ್ಡಿ. ನಿರ್ಲಕ್ಷ್ಯ ಎಂದಾದರೆ ದಂಡ ಶೇ. 30ರವರೆಗೆ.

ಈ ಹೊಂದಿಸುವ ವಿಷಯದಲ್ಲಿ ಒಂದು ಎಚ್ಚರಿಕೆ. ಕಾರ್ಪೊರೇಷನ್ ತೆರಿಗೆ ವಾಪಸ್ ಕೇಳಲು ಲೆಕ್ಕದ ಅವಧಿ ಮುಗಿದ ಮೇಲೆ ನಾಲ್ಕೇ ವರ್ಷ. ತನಿಖೆ ಅದಕ್ಕಿಂತ ಉದ್ದ ಎಳೆದರೆ ಆ ಕಡೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಈ ಕಡೆಯ ಬಾಕಿ ಹಾಗೇ ನಿಲ್ಲುತ್ತದೆ. ಆದ್ದರಿಂದ ಮೊದಲ ಪತ್ರ ಬಂದ ತಿಂಗಳಲ್ಲೇ ಮೂರೂ ವರ್ಷಕ್ಕೆ ಮುಂಜಾಗ್ರತೆಯ ಕ್ಲೇಮ್ ಹಾಕಿಸಿದೆ. ಅಕೌಂಟೆಂಟ್ ತಾವಾಗಿ ಹೇಳಲಿಲ್ಲ, ನಾನೇ ಕೇಳಿದ್ದು.

ಇನ್ನು ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದು. ಸಾಮಾನ್ಯವಾಗಿ ನಾಲ್ಕು ವರ್ಷ, ನಿರ್ಲಕ್ಷ್ಯವಾದರೆ ಆರು, ಬೇಕೆಂದೇ ಮಾಡಿದ್ದಾದರೆ ಇಪ್ಪತ್ತು. ನಾಲ್ಕನ್ನು ಆರು ಮಾಡುವುದು ಒಂದೇ ಪ್ರಶ್ನೆ: "ಆ ಸಮಯದಲ್ಲಿ ನಿಮ್ಮ ಸ್ಥಿತಿಯ ಬಗ್ಗೆ ಏನು ಪರಿಶೀಲನೆ ಮಾಡಿಸಿದ್ದಿರಿ?" ಪ್ರತಿ ಒಪ್ಪಂದಕ್ಕೂ ಸಹಿ ಹಾಕುವ ಮೊದಲು ಹೊರಗಿನವರಿಂದ ಒಂದು ವಿಮರ್ಶೆ ಮಾಡಿಸಿ, ರಸೀದಿ ಇಟ್ಟುಕೊಂಡಿದ್ದರೆ ಸಾಕು. ನನಗೆ ಒಂದೊಂದಕ್ಕೆ 100ರಿಂದ 150 ಪೌಂಡ್ ಬಿದ್ದಿತ್ತು. ಒಂದು ಒಪ್ಪಂದಕ್ಕೆ ಮಾಡಿಸಿರಲಿಲ್ಲ. ಅವರು ಸರಿಯಾಗಿ ಅದರ ಮೇಲೇ ಕೈ ಇಟ್ಟರು.

ಮೊದಲ ಸೋಲು ಒಪ್ಪಂದದಲ್ಲೇ ಇತ್ತು. ಕೆಲಸ ಕೊಡಿಸಿದ ಏಜೆನ್ಸಿ ನನ್ನ ಕಂಪನಿಗೆ ಕೊಟ್ಟ ಕಾಗದದಲ್ಲಿ ನನ್ನ ಬದಲಿಗೆ ಬೇರೆ ವ್ಯಕ್ತಿಯನ್ನು ಕಳಿಸುವ ಹಕ್ಕು (ಉದ್ಯೋಗಿಗೆ ಇಲ್ಲದ್ದು) ಚೆನ್ನಾಗಿಯೇ ಬರೆದಿತ್ತು. ಆದರೆ ಕ್ಲೈಂಟ್ ಮತ್ತು ಏಜೆನ್ಸಿ ನಡುವಿನ ಮೇಲಿನ ಒಪ್ಪಂದದಲ್ಲಿ ನನ್ನ ಹೆಸರೇ ಹಾಕಿ, ಬದಲಾಯಿಸಲು ಕ್ಲೈಂಟ್ ಒಪ್ಪಿಗೆ ಬೇಕು ಎಂದಿತ್ತು. ಅದನ್ನು ನಾನು ನೋಡಿಯೇ ಇರಲಿಲ್ಲ, ಅಧಿಕಾರಿ ತರಿಸಿಕೊಂಡರು. ಈಗ ಸಹಿಗೆ ಮೊದಲು ಏಜೆನ್ಸಿಗೆ ಒಂದು ಸಾಲು ಬರೆಯುತ್ತೇನೆ: ಮೇಲಿನ ಒಪ್ಪಂದದಲ್ಲಿ ಇದಕ್ಕೆ ವಿರುದ್ಧವಾದ ಷರತ್ತು ಇದೆಯೇ? ದರ ಮರೆಮಾಡಿ ಆ ಪುಟಗಳನ್ನಷ್ಟೇ ಕಳಿಸಿ. ಹತ್ತರಲ್ಲಿ ನಾಲ್ಕೈದು ಮಂದಿ ಕೊಡುತ್ತಾರೆ. ಕೊಡದವರ ನಿರಾಕರಣೆಯ ಇಮೇಲ್ ಕೂಡ ಫೈಲಿಗೆ ಹೋಗುತ್ತದೆ.

ಈಗ ಫೈಲಿನ ವಿಷಯ. ಪ್ರತಿ ಶುಕ್ರವಾರ ಇಪ್ಪತ್ತು ನಿಮಿಷ. ನನ್ನ ಕಂಪನಿಯ ಡೊಮೇನ್‌ನಿಂದ ನನಗೇ ಒಂದು ಇಮೇಲ್: ಈ ವಾರ ಯಾವ ಡೆಲಿವರೆಬಲ್ ಮುಗಿಯಿತು, ಯಾವ ದಿನ ಎಲ್ಲಿಂದ ಕೆಲಸ ಮಾಡಿದೆ, ಯಾವುದನ್ನು ನಾನೇ ತೀರ್ಮಾನಿಸಿದೆ, ಒಪ್ಪಂದದ ಹೊರಗಿನ ಯಾವ ಕೆಲಸ ಕೇಳಿದರು, ನಾನು ಏನು ಹೇಳಿದೆ. ಐದಾರು ಸಾಲು ಸಾಕು. ತಾರೀಖನ್ನು ಸರ್ವರೇ ಒತ್ತುತ್ತದೆ, ಆಮೇಲೆ ಬರೆದದ್ದು ಎಂದು ಯಾರೂ ಹೇಳಲಾರರು. ಇದಕ್ಕೂ ಮುಂಚೆ ವರ್ಡ್ ಫೈಲಿನಲ್ಲಿ ಡೈರಿ ಬರೆಯುತ್ತಿದ್ದೆ. ಆ ಏಳೆಂಟು ತಿಂಗಳ ಬರಹಕ್ಕೆ ಬೆಲೆಯೇ ಸಿಗಲಿಲ್ಲ, ಕಾಪಿ ಮಾಡಿದಾಗ ಫೈಲಿನ ತಾರೀಖು ಬದಲಾಗಿತ್ತು. ಸ್ಕ್ರೀನ್‌ಶಾಟ್‌ಗಳದೂ ಅದೇ ಗತಿ.

ಕ್ಲೈಂಟ್ ಇಮೇಲ್‌ಗಳನ್ನು ನಿಮ್ಮ ಪೆಟ್ಟಿಗೆಗೆ ಫಾರ್ವರ್ಡ್ ಮಾಡಿಕೊಳ್ಳಬೇಡಿ. ಅದು ಗೌಪ್ಯತೆಯ ಷರತ್ತಿನ ಉಲ್ಲಂಘನೆ, ಬ್ಯಾಂಕುಗಳಲ್ಲಿ ಅದೇ ದಿನ ಹೊರಗೆ ಹಾಕುತ್ತಾರೆ. ಅದರ ಬದಲು ಮುಖ್ಯವಾದ ಮಾತುಕತೆಯನ್ನು ನಿಮ್ಮ ಕಂಪನಿ ವಿಳಾಸದಿಂದಲೇ ಶುರು ಮಾಡಿ, ಪ್ರತಿ ನಿಮ್ಮಲ್ಲೇ ಉಳಿಯುತ್ತದೆ. ಟೈಮ್‌ಶೀಟ್‌ಗಳನ್ನು ವಾರವಾರ ಪಿಡಿಎಫ್ ಇಳಿಸಿಕೊಳ್ಳಿ. ಒಪ್ಪಂದ ಮುಗಿದ ಮೇಲೆ ಏಜೆನ್ಸಿಯ ಪೋರ್ಟಲ್ ಮುಚ್ಚಿ ನನ್ನ ಹದಿನಾಲ್ಕು ವಾರದ ಟೈಮ್‌ಶೀಟ್ ಹೋಯಿತು.

ಇಡೀ ಫೈಲಿನಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಸೊನ್ನೆ ಪೌಂಡಿನ ಇನ್‌ವಾಯ್ಸ್. ಡೇಟಾ ಮೈಗ್ರೇಷನ್‌ನಲ್ಲಿ ನನ್ನದೇ ತಪ್ಪಿನಿಂದ ದಾಖಲೆಗಳು ಎರಡೆರಡಾಗಿ ಸೇರಿದ್ದವು. ಸರಿಪಡಿಸಲು ಮೂರು ದಿನ ಹಿಡಿಯಿತು, ದುಡ್ಡು ಕೇಳಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. "ದೋಷ ಸರಿಪಡಿಸಿದ್ದು, 3 ದಿನ, ದರ 0" ಎಂದು ಇನ್‌ವಾಯ್ಸ್ ಕಳಿಸಿದೆ, ಅವರ ಅಕೌಂಟ್ಸ್‌ನವರು ತಲೆಕೆಡಿಸಿಕೊಂಡು ಫೋನ್ ಮಾಡಿದರು. 1,350 ಪೌಂಡಿನ ನಷ್ಟ. ಆದರೆ ಉದ್ಯೋಗಿ ತನ್ನ ತಪ್ಪನ್ನು ಸ್ವಂತ ಖರ್ಚಿನಲ್ಲಿ ತಿದ್ದುವುದಿಲ್ಲವಲ್ಲ! ಆರ್ಥಿಕ ಅಪಾಯ ನನ್ನದು ಎನ್ನುವುದಕ್ಕೆ ಅಷ್ಟು ಗಟ್ಟಿಯಾದ ಬೇರೆ ಕಾಗದ ನನ್ನ ಹತ್ತಿರ ಇರಲಿಲ್ಲ.

ಬದಲಿ ವ್ಯಕ್ತಿಯನ್ನು ಒಮ್ಮೆ ನಿಜವಾಗಿಯೂ ಕಳಿಸಿದೆ. ಗೆಳೆಯನ ಕಂಪನಿಗೆ ದಿನಕ್ಕೆ 380, ನಾಲ್ಕು ದಿನದ ಕೆಲಸ, ಅದಕ್ಕೆ ಮೊದಲು ಕೆಲಸ ವಹಿಸಿಕೊಡುವ ಒಂದು ದಿನ. ಕೊಟ್ಟದ್ದು 1,900, ಕ್ಲೈಂಟ್‌ನಿಂದ ಬಂದದ್ದು 1,800. ನೂರು ಪೌಂಡ್ ಮೈಮೇಲೆ ಬಂತು, ಒಪ್ಪಂದ ಬರೆಸಲು ಇನ್ನೂ 250. ಕ್ಲೈಂಟ್‌ನ ಭದ್ರತಾ ತಪಾಸಣೆಗೆ ಐದು ವಾರ ಹಿಡಿಯುವುದರಿಂದ ರಜೆಗೆ ಎರಡು ತಿಂಗಳ ಮೊದಲೇ ಶುರು ಮಾಡಬೇಕು. ಷರತ್ತಿನ ಪದಗಳನ್ನು ಹೇಗೆ ಬರೆಸಿದೆ ಎಂಬುದನ್ನು ಇಲ್ಲಿ ಹಾಕುವುದಿಲ್ಲ. ಹಾಕಿದರೆ ನಾಳೆ ನಲವತ್ತು ಒಪ್ಪಂದಗಳಲ್ಲಿ ಅದೇ ವಾಕ್ಯ ಬರುತ್ತದೆ, ನಡೆದುಕೊಳ್ಳುವವರು ಒಬ್ಬರೂ ಇರುವುದಿಲ್ಲ. ನಡೆಯದ ಷರತ್ತನ್ನು ಟ್ರಿಬ್ಯುನಲ್ ಪಕ್ಕಕ್ಕೆ ಸರಿಸುತ್ತದೆ.

ಈ ನಡುವೆ, ಒಳಗೋ ಹೊರಗೋ ಎಂದು ಹೇಳುವ ಸೆಸ್ಟ್ ಜೊತೆ ಒಂದಷ್ಟು ಆಟ ಆಡಿದೆ. ಎಚ್‌ಎಂಆರ್‌ಸಿ 2017ರ ಮಾರ್ಚ್‌ನಲ್ಲಿ ತಂದ ಆ ಆನ್‌ಲೈನ್ ಸಾಧನದಲ್ಲಿ ಒಂದೇ ಒಪ್ಪಂದವನ್ನು ಒಂದೊಂದೇ ಉತ್ತರ ಬದಲಿಸುತ್ತ ಇಪ್ಪತ್ತೈದು ಸಲವಾದರೂ ಓಡಿಸಿರಬೇಕು. ಬದಲಿ ವ್ಯಕ್ತಿ ಹೋಗಿದ್ದಾನೆ, ಕ್ಲೈಂಟ್ ಒಪ್ಪಿದ್ದಾನೆ ಎಂದರೆ ಬಾಕಿ ಉತ್ತರ ಏನೇ ಇದ್ದರೂ ಹೊರಗೆ ಎಂದೇ ಬರುತ್ತಿತ್ತು. ಆ ಒಂದನ್ನು ತೆಗೆದರೆ ಅರ್ಧಕ್ಕರ್ಧ ಸಲ ತೀರ್ಮಾನಿಸಲಾಗದು ಎಂಬ ಉತ್ತರ. ನಿಮ್ಮ ಉತ್ತರಗಳು ನಿಜವಾಗಿದ್ದರೆ ಫಲಿತಾಂಶಕ್ಕೆ ತಾವು ಬದ್ಧ ಎಂದು ಅವರೇ ಹೇಳುತ್ತಾರೆ, ಆದ್ದರಿಂದ ಸಹಿ ಹಾಕಿದ ದಿನವೇ ಪ್ರಿಂಟ್ ತೆಗೆದಿಡಿ. ತನಿಖೆ ಶುರುವಾದ ಮೇಲೆ ತೆಗೆದದ್ದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಪರಸ್ಪರ ಬಾಧ್ಯತೆ (ಅವರು ಕೆಲಸ ಕೊಡಲೇಬೇಕು, ನಾವು ಮಾಡಲೇಬೇಕು ಎಂಬ ಕಟ್ಟು) ಇಲ್ಲ, ನಾಳೆಯೇ ಕಳಿಸಬಹುದು, ಆದ್ದರಿಂದ ನಾವು ಹೊರಗೆ ಎಂಬ ವಾದ ನಮ್ಮವರಿಗೆ ಬಹಳ ಪ್ರಿಯ. ಅದೊಂದನ್ನೇ ನಂಬಿ ಕೂರುವ ಕಾಲ ಹೋಯಿತು. ಫುಟ್‌ಬಾಲ್ ರೆಫರಿಗಳನ್ನು ಒದಗಿಸುವ ಪಿಜಿಎಂಒಎಲ್ ಸಂಸ್ಥೆಯ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ಒಂದೇ ಒಂದು ಪಂದ್ಯದ ಒಪ್ಪಂದದಲ್ಲೂ ಬಾಧ್ಯತೆ ಇರಬಹುದು, ನಿಯಂತ್ರಣವೂ ಇರಬಹುದು ಎಂದಿತು. ನನ್ನ ಉತ್ತರ ಪತ್ರದಲ್ಲಿ ಅದಕ್ಕೆ ಮೊದಲೇ ಈ ವಾದಕ್ಕೆ ಕೊಟ್ಟದ್ದು ಎರಡೇ ಪ್ಯಾರಾ. ಟಿವಿ ನಿರೂಪಕಿ ಕೇ ಆಡಮ್ಸ್ ತಮ್ಮ ಐಆರ್35 ಪ್ರಕರಣ ಗೆದ್ದದ್ದರಲ್ಲಿ ಅವರ ವೃತ್ತಿಯ ಒಟ್ಟು ಸ್ವರೂಪ, ಬೇರೆ ಕಡೆಯ ಕೆಲಸಗಳು ತೂಗಿದವು. ಸಣ್ಣದಾದರೂ ಎರಡನೇ ಕ್ಲೈಂಟ್ ಇರಲಿ, ಅದರ ಇನ್‌ವಾಯ್ಸ್‌ಗಳೂ ಇರಲಿ.

ನಿಜವಾದ ಅಪಾಯ ಕ್ಲೈಂಟ್ ಮ್ಯಾನೇಜರ್ ಬಾಯಲ್ಲಿರುತ್ತದೆ. ಅಧಿಕಾರಿಗಳು ಅವರನ್ನೇ ನೇರವಾಗಿ ಕೇಳುತ್ತಾರೆ. ನನ್ನ ಹಳೆಯ ಮ್ಯಾನೇಜರ್ ಬಿಟ್ಟು ಹೋಗಿದ್ದರು. ಹೊಸಬರು ಒಳ್ಳೆಯ ಮನಸ್ಸಿನಿಂದಲೇ "ಅವರು ನಮ್ಮ ಟೀಮಿನವರೇ" ಎಂದುಬಿಟ್ಟರು. ಆ ಒಂದು ಮಾತು ತನಿಖೆಯನ್ನು ಏಳು ತಿಂಗಳು ಉದ್ದ ಮಾಡಿತು. ಉಳಿಸಿದ್ದು, ಹಳಬರು ಒಪ್ಪಂದದ ಆರನೇ ವಾರದಲ್ಲೇ ಸಹಿ ಮಾಡಿಕೊಟ್ಟಿದ್ದ ಒಂದು ಪುಟ. ಅದರಲ್ಲಿ ಒಂಬತ್ತು ಸಾಲು: ಕೆಲಸದ ಸಮಯವನ್ನು ಯಾರು ನಿರ್ಧರಿಸುತ್ತಾರೆ, ವಿಧಾನವನ್ನು ಯಾರು, ಬೇರೆ ಕೆಲಸಕ್ಕೆ ಎಳೆಯಬಹುದೇ, ವಾರ್ಷಿಕ ಮೌಲ್ಯಮಾಪನ ಇದೆಯೇ, ಹೀಗೆ. ಆರನೇ ವಾರ ಯಾಕೆಂದರೆ, ಅದಕ್ಕೆ ಮೊದಲು ನಡವಳಿಕೆ ಇನ್ನೂ ಗೊತ್ತಿರುವುದಿಲ್ಲ, ಕೊನೆಗೆ ಕೇಳಿದರೆ ಆಸಕ್ತಿ ಇರುವುದಿಲ್ಲ. ಒಂದು ಕಡೆ ಲೀಗಲ್‌ನವರು ಸಹಿಗೆ ಬಿಡಲಿಲ್ಲ. ಅಲ್ಲಿ ಅದೇ ಒಂಬತ್ತು ಸಾಲನ್ನು ಇಮೇಲ್ ಮಾಡಿ, ತಪ್ಪಿದ್ದರೆ ತಿಳಿಸಿ ಎಂದೆ. "ಸರಿ ಇದೆ" ಎಂಬ ಎರಡು ಪದದ ಉತ್ತರವೂ ಸಹಿಯಷ್ಟೇ ಕೆಲಸ ಮಾಡಿತು.

ಅಧಿಕಾರಿ ನನ್ನ ಲಿಂಕ್ಡ್‌ಇನ್ ಪುಟವನ್ನೂ ಪ್ರಿಂಟ್ ತೆಗೆದಿದ್ದರು. ಅಲ್ಲಿ ಕ್ಲೈಂಟ್ ಬ್ಯಾಂಕಿನ ಹೆಸರಿನ ಕೆಳಗೆ "ಲೀಡ್ ಎಂಜಿನಿಯರ್" ಎಂದು ಮೆರೆದಿದ್ದೆ. ಹೆಮ್ಮೆಗೆ ಬರೆದ ಎರಡು ಪದಕ್ಕೆ ಮೂರು ಪತ್ರ ಬರೆಯಬೇಕಾಯಿತು. ಇಮೇಲ್ ಸಹಿಯಲ್ಲಿ ನಿಮ್ಮ ಕಂಪನಿ ಹೆಸರು ಇರಲಿ, ಆರ್ಗ್ ಚಾರ್ಟ್‌ನಿಂದ ಹೆಸರು ತೆಗೆಸಿ.

ಭೇಟಿಗೆ ಕರೆದರೆ ಹೋಗಲೇಬೇಕೆಂದಿಲ್ಲ, ಎಲ್ಲವನ್ನೂ ಬರಹದಲ್ಲಿ ಕೊಡಬಹುದು. ನಾನು ಹಾಗೇ ಮಾಡಿದೆ. ಸಲಹೆಗಾರರಿಗೆ ಗಂಟೆಗೆ ಇನ್ನೂರರ ಮೇಲೆ, ಒಟ್ಟು 6,800ರ ಹತ್ತಿರ. ವಿಮೆ ಇದೆ ಎಂದುಕೊಂಡಿದ್ದೆ, ಪಾಲಿಸಿ ತೆಗೆದು ನೋಡಿದರೆ ಅಕೌಂಟೆಂಟಿನ ಶುಲ್ಕಕ್ಕೆ ಮಾತ್ರ, ತೆರಿಗೆ ಬಾಕಿಗೆ ಅಲ್ಲ. ಎರಡೂ ಬೇರೆ ಬೇರೆ ಪಾಲಿಸಿ, ನೋಡಿಕೊಳ್ಳಿ. ಉತ್ತರ ಪತ್ರದಲ್ಲಿ ಯಾವುದನ್ನು ಮೊದಲು ಇಟ್ಟೆ, ಯಾವುದನ್ನು ಕೊನೆಯ ಪತ್ರಕ್ಕೆ ಉಳಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ವೀಸಾ ಇನ್ನೂ ಪಕ್ಕಾ ಆಗದವರಿಗೆ ಒಂದು ಮಾತು. ಹೆದರಿ ಹಳೆಯ ರಿಟರ್ನ್‌ಗಳನ್ನು ನೀವೇ ತಿದ್ದಬೇಡಿ. ಟಿಯರ್ 1 ಜನರಲ್ ಎಂಬ ಹಳೆಯ ವೀಸಾದ ಕಾಲದಲ್ಲಿ ವೀಸಾ ಅರ್ಜಿಯ ಆದಾಯಕ್ಕೂ ತೆರಿಗೆಯ ಆದಾಯಕ್ಕೂ ತಾಳೆಯಾಗದೆ, ನಡತೆ ಸರಿಯಿಲ್ಲ ಎಂದು ಅರ್ಜಿ ತಳ್ಳಿಹಾಕುವ 322(5) ನಿಯಮದಲ್ಲಿ ಸಿಕ್ಕಿಕೊಂಡ ಭಾರತೀಯರನ್ನು ನಾವೆಲ್ಲ ಕಂಡಿದ್ದೇವೆ. ವಿವರಣೆಗೆ ಅವಕಾಶ ಕೊಡಬೇಕು ಎಂದು ಅಪೀಲು ನ್ಯಾಯಾಲಯ 2019ರಲ್ಲಿ ಹೇಳುವ ಹೊತ್ತಿಗೆ ಎಷ್ಟೋ ಜನರ ವರ್ಷಗಳು ಕಳೆದಿದ್ದವು. ಸಾಲದ ರೂಪದಲ್ಲಿ ಸಂಬಳ ಪಡೆದು, ಅಂಥ ಸಾಲದ ಮೇಲೆ ಹಾಕುವ ಲೋನ್ ಚಾರ್ಜ್ ತೆರಿಗೆಗೆ ಸಿಕ್ಕವರಿಗೂ ಈ ಫೈಲು ನಡೆಯುವುದಿಲ್ಲ. ಆ ಕಾಯಿಲೆ ಬೇರೆ, ಮದ್ದು ಬೇರೆ.

2021ರ ಏಪ್ರಿಲ್‌ನಿಂದ ಒಳಗೋ ಹೊರಗೋ ಎಂದು ಮಧ್ಯಮ, ದೊಡ್ಡ ಕ್ಲೈಂಟ್‌ಗಳೇ ತೀರ್ಮಾನಿಸುತ್ತಾರಾದ್ದರಿಂದ ಇದೆಲ್ಲ ಹಳೆಯ ಕತೆ ಅನ್ನುವವರಿದ್ದಾರೆ. ಸಣ್ಣ ಕ್ಲೈಂಟ್ ಆದರೆ ಹೊಣೆ ಈಗಲೂ ನಮ್ಮ ಕಂಪನಿಯದೇ. ಸಣ್ಣ ಎನ್ನುವ ವಹಿವಾಟಿನ ಮಿತಿಯನ್ನು 2025ರ ಏಪ್ರಿಲ್ 6ರಿಂದ ಶುರುವಾಗುವ ಲೆಕ್ಕ ವರ್ಷಗಳಿಗೆ 1.02 ಕೋಟಿ ಪೌಂಡ್‌ನಿಂದ 1.5 ಕೋಟಿಗೆ ಏರಿಸಿದ್ದಾರೆ. ಕ್ಲೈಂಟ್‌ಗಳ ಲೆಕ್ಕ ವರ್ಷ ತಿರುಗಿದಂತೆ ಇನ್ನಷ್ಟು ಜನರ ಹೊಣೆ ಮರಳಿ ನಮ್ಮ ತಲೆಗೇ ಬರುತ್ತದೆ. ನೀವು ಸಣ್ಣವರೇ ಎಂದು ಲಿಖಿತವಾಗಿ ಕೇಳಿದರೆ ಕ್ಲೈಂಟ್ 45 ದಿನದೊಳಗೆ ಹೇಳಬೇಕು. ಈ ಸಲ ಇಬ್ಬರಿಗೆ ಕಳಿಸಿದ್ದೇನೆ. ಒಬ್ಬರದು ಹನ್ನೊಂದನೇ ದಿನಕ್ಕೆ ಬಂತು, ಫೈಲಿಗೆ ಹೋಯಿತು. ಇನ್ನೊಬ್ಬರಿಗೆ ಈ ಶುಕ್ರವಾರ ನೆನಪೋಲೆ ಕಳಿಸಬೇಕು.